ಎಚ್‌ಐವಿ ನೀತಿ ಸಂಶೋಧನೆಗೆ ಯಾವ ದಾರಿ? ಮಂಗಳೂರು, ಉಡುಪಿಯ ಪದವೀಧರರಿಗೊಂದು ಹೋಲಿಕೆ

95-95-95 ಎಂಬ ಗುರಿಯ ಬಗ್ಗೆ ಕೇಳಿರುತ್ತೀರಿ. ಎಚ್‌ಐವಿ ಇರುವವರಲ್ಲಿ ಶೇ 95 ಮಂದಿಗೆ ತಮ್ಮ ಸೋಂಕಿನ ವಿಷಯ ಗೊತ್ತಿರಬೇಕು. ಗೊತ್ತಿರುವವರಲ್ಲಿ ಶೇ 95 ಮಂದಿ ಔಷಧಿ ತೆಗೆದುಕೊಳ್ಳುತ್ತಿರಬೇಕು. ಔಷಧಿ ತೆಗೆದುಕೊಳ್ಳುವವರಲ್ಲಿ ಶೇ 95 ಮಂದಿಯ ರಕ್ತದಲ್ಲಿ ವೈರಸ್ ಹತೋಟಿಯಲ್ಲಿರಬೇಕು. ಮೂರೂ ಸಾಧನೆಯಾದರೆ ನೂರಕ್ಕೆ 95 ಮಂದಿ ಕ್ಷೇಮ ಎಂದು ಓದಿಕೊಳ್ಳುವವರು ಬಹಳ. ಗುಣಿಸಿ ನೋಡಿ: ಮೊದಲು 95, ಆಮೇಲೆ 90, ಕೊನೆಗೆ 86ರ ಹತ್ತಿರ. ಗುರಿ ಮುಟ್ಟಿದ ಜಿಲ್ಲೆಯಲ್ಲೂ ನೂರಕ್ಕೆ ಹದಿನಾಲ್ಕು ಮಂದಿ ದಾರಿಯಲ್ಲಿ ಎಲ್ಲೋ ಜಾರಿರುತ್ತಾರೆ. ಅವರು ಎಲ್ಲಿ ಜಾರಿದರು, ಯಾಕೆ ಜಾರಿದರು, ಯಾವ ನಿಯಮ ಬದಲಾದರೆ ಜಾರುವುದು ನಿಲ್ಲುತ್ತದೆ ಎಂದು ಹುಡುಕುವುದೇ ಎಚ್‌ಐವಿ ನೀತಿ ಸಂಶೋಧನೆ. ಪ್ರಯೋಗಾಲಯದಲ್ಲಿ ವೈರಸ್ ನೋಡುವುದು ಬೇರೆ ವೃತ್ತಿ. ಅದರ ಮಾತು ಇಲ್ಲಿಲ್ಲ.

ಈ ಹುಡುಕಾಟಕ್ಕೆ ನಾಲ್ಕು ಬಗೆಯ ಜನ ಬೇಕಾಗುತ್ತಾರೆ: ಲೆಕ್ಕ ಹಾಕುವವರು, ಕೂತು ಕೇಳುವವರು, ಕಾಯ್ದೆ ಓದುವವರು, ಚಿಕಿತ್ಸೆ ಗೊತ್ತಿರುವವರು. ಯಾವ ಕೋರ್ಸ್ ಎಂದು ಕೇಳುವ ಮೊದಲು ಈ ನಾಲ್ಕರಲ್ಲಿ ನಿಮ್ಮ ಕೈಗೆ ಹತ್ತುವುದು ಯಾವುದು ಎಂದು ಕೇಳಿಕೊಳ್ಳಿ. ಅನುದಾನ ಇವತ್ತು ಎಚ್‌ಐವಿಗೆ ಬರುತ್ತದೆ, ನಾಳೆ ಕ್ಷಯಕ್ಕೆ ಹೋಗುತ್ತದೆ. ಕಲಿತ ಕಸುಬು ನಿಮ್ಮಲ್ಲೇ ಉಳಿಯುತ್ತದೆ. ಮುಂದಿನ ಹೋಲಿಕೆಯೆಲ್ಲ ಈ ಲೆಕ್ಕಾಚಾರದ ಮೇಲೆಯೇ ನಿಂತಿದೆ.

ಎಂಪಿಎಚ್ ಮತ್ತು ಎಂಎಸ್‌ಡಬ್ಲ್ಯೂ

ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್. ಎಂಪಿಎಚ್ ಎಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಎರಡು ವರ್ಷ, ನಾಲ್ಕು ಸೆಮಿಸ್ಟರ್. ಸಾಂಕ್ರಾಮಿಕ ರೋಗಶಾಸ್ತ್ರ, ಸಂಖ್ಯಾಶಾಸ್ತ್ರ, ಆರೋಗ್ಯ ವ್ಯವಸ್ಥೆ, ನೀತಿ, ಸಂಶೋಧನಾ ವಿಧಾನ, ಕೊನೆಗೊಂದು ಪ್ರಬಂಧ. ಬಿಡಿಎಸ್, ನರ್ಸಿಂಗ್, ಫಿಸಿಯೋಥೆರಪಿ, ಆಯುರ್ವೇದ ಮುಗಿಸಿ ಕ್ಲಿನಿಕ್ ಬೇಡ ಎನಿಸಿದವರು ದೊಡ್ಡ ಸಂಖ್ಯೆಯಲ್ಲಿ ಇತ್ತ ಬರುತ್ತಾರೆ. ನಾಲ್ಕು ಕಸುಬಿನ ರುಚಿಯನ್ನೂ ಸ್ವಲ್ಪಸ್ವಲ್ಪ ತೋರಿಸುವುದು ಇದರ ಗುಣ. ಕೊರತೆಯೂ ಅದೇ. ಯಾವುದರಲ್ಲೂ ಆಳಕ್ಕೆ ಇಳಿಯದೆ ಪದವಿ ಮುಗಿಸಿಬಿಡಬಹುದು.

‘ಗ್ಲೋಬಲ್ ಹೆಲ್ತ್’ ಎಂಬ ಹೆಸರು ನೋಡಿ ಮರುಳಾಗಬೇಡಿ. ಯಾವ ಊರಿನ ಎಂಪಿಎಚ್ ಆದರೂ ಎಚ್‌ಐವಿಗೆ ಸಿಗುವುದು ಬೆರಳೆಣಿಕೆಯ ತರಗತಿಗಳು. ಫೀಸು ಕಟ್ಟುವ ಮೊದಲು ವಿಭಾಗದಲ್ಲಿ ಕೇಳಬೇಕಾದದ್ದು ಬೇರೆ. ಹಿಂದಿನ ಎರಡು ಬ್ಯಾಚಿನ ಪ್ರಬಂಧಗಳ ಶೀರ್ಷಿಕೆಪಟ್ಟಿ ತೋರಿಸುತ್ತೀರಾ? ಅದರಲ್ಲಿ ಎಷ್ಟು ಪತ್ರಿಕೆಗಳಲ್ಲಿ ಅಚ್ಚಾಗಿವೆ? ಆರ್ ಅಥವಾ ಸ್ಟೇಟಾ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಕಲಿಸುವುದು ಎಷ್ಟು ಗಂಟೆ, ಯಾರು ಕಲಿಸುತ್ತಾರೆ? ಒಬ್ಬ ಮಾರ್ಗದರ್ಶಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು? ಪ್ರಬಂಧಗಳಲ್ಲಿ ಹೆಚ್ಚಿನವು ‘ಕಾಲೇಜು ವಿದ್ಯಾರ್ಥಿಗಳಲ್ಲಿ ಅರಿವು ಮತ್ತು ಮನೋಭಾವ’ ಎಂಬ ಜಾತಿಯವಾಗಿದ್ದರೆ ಅಲ್ಲಿ ಫೀಲ್ಡಿನ ಸಂಪರ್ಕ ಕಡಿಮೆ ಎಂದು ತಿಳಿಯಿರಿ. ಅಂಥ ಪ್ರಬಂಧಕ್ಕೆ ಹಾಸ್ಟೆಲ್ ಬಿಟ್ಟು ಹೊರಗೆ ಹೋಗಬೇಕಾದ ಅಗತ್ಯವೇ ಇಲ್ಲ.

ಎಂಎಸ್‌ಡಬ್ಲ್ಯೂ ಇದಕ್ಕೆ ತಿರುಗುಮುರುಗು. ವೆಲೆನ್ಸಿಯಾದ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಕೊಣಾಜೆಯ ವಿಶ್ವವಿದ್ಯಾಲಯದಲ್ಲೂ ವಿಭಾಗ ಉಂಟು. ಇಲ್ಲಿ ಫೀಲ್ಡ್‌ವರ್ಕೇ ಬೆನ್ನೆಲುಬು. ಆಸ್ಪತ್ರೆ, ಬಾಲಮಂದಿರ, ಸ್ವಯಂಸೇವಾ ಸಂಸ್ಥೆ ಎಂದು ಎರಡು ವರ್ಷ ಓಡಾಡಿದವರಿಗೆ ಅಪರಿಚಿತರ ಎದುರು ಸುಮ್ಮನೆ ಕೂತು ಕೇಳುವುದು ಬರುತ್ತದೆ. ಅದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರ ಅಂದರೆ ಐಸಿಟಿಸಿ, ಮತ್ತು ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಗಳ ಆಪ್ತಸಮಾಲೋಚಕರ ಹುದ್ದೆಗೆ ಈ ಪದವಿ ನಡೆಯುತ್ತದೆ. ಸಂಖ್ಯೆಗಳ ಮಟ್ಟಿಗೆ ಮಾತ್ರ ಎಂಎಸ್‌ಡಬ್ಲ್ಯೂ ಬಡಕಲು. ಶೇಕಡಾವಾರು, ಕೈ-ಸ್ಕ್ವೇರ್ ಪರೀಕ್ಷೆ, ಅಲ್ಲಿಗೆ ಮುಗಿಯಿತು. ರಿಗ್ರೆಶನ್ ಎಂಬ ಮಾತು ಬಂದರೆ ಸಂದರ್ಶನದ ಕೋಣೆಯಲ್ಲಿ ಬೆವರುವ ಪರಿಸ್ಥಿತಿ.

ಹಾಗಾದರೆ ಯಾವುದು? ಮಾತು ಕೇಳುವುದರಲ್ಲಿ ಆಸಕ್ತಿ ಇರುವ ಬಿಎ, ಬಿಎಸ್‌ಡಬ್ಲ್ಯೂ ಪದವೀಧರರಿಗೆ ಎಂಎಸ್‌ಡಬ್ಲ್ಯೂ ಮಾಡಿ, ಎರಡು ವರ್ಷ ಆಪ್ತಸಮಾಲೋಚಕರ ಮೇಜಿನ ಹಿಂದೆ ಕೂತು, ಆಮೇಲೆ ಎಂಪಿಎಚ್‌ಗೆ ಹೋಗುವುದು ಒಳ್ಳೆಯದು. ಸುತ್ತು ದಾರಿ ಹೌದು. ಆದರೆ ‘ರೋಗಿ ಔಷಧಿ ಬಿಟ್ಟ’ ಎಂದು ದಾಖಲೆಯಲ್ಲಿ ಒಂದೇ ಸಾಲಿನಲ್ಲಿ ಬರೆಯುವುದರ ಹಿಂದೆ ಎಷ್ಟು ಬಗೆಯ ಕಾರಣ ಇರುತ್ತದೆ ಎಂದು ಆ ಮೇಜು ಕಲಿಸುವಷ್ಟು ಬೇರಾವುದೂ ಕಲಿಸುವುದಿಲ್ಲ. ಊರಿನವರ ಕಣ್ಣಿಗೆ ಬೀಳಬಾರದು ಎಂದು ತಮ್ಮ ಜಿಲ್ಲೆಯ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಯಲ್ಲಿ ಹೆಸರು ಬರೆಸುವವರಿದ್ದಾರೆ. ನೋಂದಣಿಯ ಜಿಲ್ಲೆಯೇ ವಾಸದ ಜಿಲ್ಲೆ ಎಂದು ಹಿಡಿದು ನಕ್ಷೆ ಬಿಡಿಸುವ ಸಂಶೋಧಕರಿಗೆ ಇದು ಗೊತ್ತೇ ಇರುವುದಿಲ್ಲ. ಬಿಡಿಎಸ್, ನರ್ಸಿಂಗ್ ಆದವರು ಎಂಎಸ್‌ಡಬ್ಲ್ಯೂ ಸುತ್ತು ಹಾಕಬೇಕಾಗಿಲ್ಲ. ಒಂದು ವರ್ಷ ಯಾವುದಾದರೂ ಪ್ರಾಜೆಕ್ಟಿನಲ್ಲಿ ದುಡಿದು ನೇರ ಎಂಪಿಎಚ್‌ಗೆ ಹೋಗಲಿ.

ಲೆಕ್ಕದ ದಾರಿ

ಯಾರೂ ಹೆಚ್ಚು ಹೇಳದ, ಆದರೆ ಕೆಲಸ ಬೇಗ ಸಿಗುವ ದಾರಿ ಇದು. ಕೊಣಾಜೆಯಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ, ಮಣಿಪಾಲದಲ್ಲಿ ಜೈವಿಕ ಸಂಖ್ಯಾಶಾಸ್ತ್ರ.

ಲೆಕ್ಕಕ್ಕೆ ಈ ಕ್ಷೇತ್ರದಲ್ಲಿ ಎಂಥ ತೂಕ ಎಂಬುದಕ್ಕೆ 2007ನೇ ಇಸವಿ ನೋಡಿದರೆ ಸಾಕು. ಅದಕ್ಕೆ ಮೊದಲು ಭಾರತದಲ್ಲಿ ಎಚ್‌ಐವಿ ಇರುವವರು 50 ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿತ್ತು. ಅದು ಮುಖ್ಯವಾಗಿ ಗರ್ಭಿಣಿಯರ ತಪಾಸಣೆ, ಗುಪ್ತರೋಗ ಚಿಕಿತ್ಸೆಯಂಥ ಕೇಂದ್ರಗಳ ಮಾದರಿಯಿಂದ ಬಂದ ಸಂಖ್ಯೆ. 2005-06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ರಕ್ತ ಪರೀಕ್ಷೆ ಮಾಡಿದ ಮೇಲೆ ಅಂದಾಜು 25 ಲಕ್ಷದ ಆಸುಪಾಸಿಗೆ ಇಳಿಯಿತು. ಸೋಂಕು ರಾತ್ರೋರಾತ್ರಿ ಅರ್ಧಕ್ಕಿಳಿದದ್ದಲ್ಲ, ಅಳೆಯುವ ಕೋಲು ಬದಲಾದದ್ದು. 95-95-95ರ ಮೊದಲ 95ಕ್ಕೆ ಛೇದ ಯಾವಾಗಲೂ ಇಂಥ ಅಂದಾಜೇ. ಆ ಅಂದಾಜು ಹಾಕಲು ದೇಶದೇಶಗಳು ಬಳಸುವ ತಂತ್ರಾಂಶದ ಹೆಸರು ಸ್ಪೆಕ್ಟ್ರಮ್. ಅದನ್ನು ಉಚಿತವಾಗಿ ಇಳಿಸಿಕೊಂಡು ಕಲಿಯಬಹುದು.

ಅದೇ ಲೆಕ್ಕ ಗೊತ್ತಿಲ್ಲದೆ ಮುಗ್ಗರಿಸುವುದು ಎಂಪಿಎಚ್ ವಿದ್ಯಾರ್ಥಿಗಳು. 384 ಎಂಬ ಸಂಖ್ಯೆಯನ್ನು ಹಿಂದಿನ ಬ್ಯಾಚಿನ ಪ್ರಬಂಧದಿಂದ ಎತ್ತಿ ಹಾಕುವ ರೂಢಿ ಉಂಟು. ಅದು ಶೇ 50ರಷ್ಟು ಇರುವ ಸಂಗತಿಯನ್ನು ಶೇ 5ರ ಆಚೀಚೆಯಲ್ಲಿ ಅಳೆಯಲು ಬೇಕಾದ ಮಾದರಿ. ಇನ್ನೂರಕ್ಕೆ ಒಬ್ಬರಲ್ಲಿ, ಅಂದರೆ ಶೇ 0.5ರಷ್ಟು ಇರುವ ಸೋಂಕನ್ನು ಹುಡುಕಿಕೊಂಡು 384 ಮಂದಿಯನ್ನು ಪರೀಕ್ಷಿಸಿದರೆ ಸಿಗುವುದು ಇಬ್ಬರು. ಅಂಥ ಸೋಂಕನ್ನು ಶೇ 0.25ರ ಆಚೀಚೆಯಲ್ಲಿ ಅಳೆಯಬೇಕಾದರೆ 3,058 ಮಂದಿ ಬೇಕು, ಅದೂ ಚೀಟಿ ಎತ್ತಿದ ಹಾಗೆ ಸರಳವಾಗಿ ಆರಿಸಿದರೆ. ವಾರ್ಡುವಾರು, ಊರುವಾರು ಗುಂಪಿನಲ್ಲಿ ಆರಿಸಿದರೆ ಅದರ ಒಂದೂವರೆ ಪಟ್ಟು, ಎರಡು ಪಟ್ಟು. ಆರು ತಿಂಗಳ ಪ್ರಬಂಧದಲ್ಲಿ ‘ಉಡುಪಿ ಜಿಲ್ಲೆಯಲ್ಲಿ ಎಚ್‌ಐವಿ ಪ್ರಮಾಣ’ ಎಂಬ ವಿಷಯ ಹಿಡಿದವರನ್ನು ಮಾರ್ಗದರ್ಶಕರು ಮೊದಲ ದಿನವೇ ತಡೆಯಬೇಕು. ಅಷ್ಟು ಸಮಯದಲ್ಲಿ ಆಗುವುದು ಔಷಧಿ ಶುರುಮಾಡಿದವರಲ್ಲಿ ಒಂದು ವರ್ಷದ ನಂತರ ಎಷ್ಟು ಮಂದಿ ಉಳಿದಿದ್ದಾರೆ, ಪರೀಕ್ಷೆಗೂ ಔಷಧಿಗೂ ನಡುವೆ ಎಷ್ಟು ದಿನ ಕಳೆಯಿತು, ಈ ಬಗೆಯ ಪ್ರಶ್ನೆಗಳು.

ಈ ಲೆಕ್ಕವನ್ನು ಕಾಗದದ ಮೇಲೆ ಮಾಡುವುದೇ ಖುಷಿ ಎನಿಸಿದರೆ ನಿಮ್ಮ ದಾರಿ ಗೊತ್ತಾಯಿತು.

ಕಾನೂನಿನ ದಾರಿ

ಮಂಗಳೂರಿನ ಎಸ್‌ಡಿಎಂ, ಉಡುಪಿಯ ವೈಕುಂಠ ಬಾಳಿಗಾ ಕಾಲೇಜುಗಳಲ್ಲಿ ಎಲ್‌ಎಲ್‌ಬಿ ಓದುವವರ ತಲೆಗೆ ಆರೋಗ್ಯ ನೀತಿ ಹೊಳೆಯುವುದೇ ಅಪರೂಪ. ನೀತಿ ಎಂದರೆ ಕೊನೆಗೂ ಒಂದು ಕಾಯ್ದೆಯ ಸಾಲು, ಒಂದು ಸುತ್ತೋಲೆಯ ಸಾಲು. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು. ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ, ಒಪ್ಪಿಗೆ ಇಲ್ಲದೆ ಸೋಂಕಿನ ವಿಷಯ ಬಹಿರಂಗವಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ, ಪ್ರತಿ ರಾಜ್ಯದಲ್ಲಿ ದೂರು ವಿಚಾರಿಸುವ ಒಬ್ಬ ಓಂಬುಡ್ಸ್‌ಮನ್. 14ನೇ ಕಲಮಿಗೆ ಬಂದರೆ ಸರ್ಕಾರ ಔಷಧಿ ಒದಗಿಸಬೇಕು ಎನ್ನುವಲ್ಲಿ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಎರಡು ಪದ ಸೇರಿಕೊಂಡಿದೆ. ಹಕ್ಕನ್ನು ಭರವಸೆಯ ಮಟ್ಟಕ್ಕೆ ಇಳಿಸುವ ಆ ಎರಡು ಪದದ ಮೇಲೆ ಮಸೂದೆಯ ಕಾಲದಿಂದಲೇ ಜಗಳ ಇದೆ. ದಾಸ್ತಾನು ಮುಗಿದು ಕೇಂದ್ರದಲ್ಲಿ ಮಾತ್ರೆ ಇಲ್ಲದ ದಿನ ಆ ಪದಗಳ ಅರ್ಥ ಏನು ಎಂದು ವಿವರಿಸಲು ವೈದ್ಯರಿಗೆ ಬರುವುದಿಲ್ಲ.

ಔಷಧಿಯ ಬೆಲೆಯೂ ಕಾನೂನಿನದೇ ಕತೆ. 2001ರಲ್ಲಿ ಭಾರತದ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆಂದಾಗ ಶ್ರೀಮಂತ ದೇಶಗಳಲ್ಲಿ ಅದರ ಬೆಲೆ 10,000 ಡಾಲರಿನ ಮೇಲಿತ್ತು. ಆಗ ನಮ್ಮಲ್ಲಿ ಔಷಧಿಯ ಉತ್ಪನ್ನಕ್ಕೆ ಪೇಟೆಂಟ್ ಇರಲಿಲ್ಲ. 2005ರ ತಿದ್ದುಪಡಿಯ ನಂತರ ಬಂತು. ಜೊತೆಗೆ 3(ಡಿ) ಎಂಬ ಕಲಮೂ ಬಂತು: ಹಳೆಯ ಔಷಧಿಗೆ ಚಿಕ್ಕ ಬದಲಾವಣೆ ಮಾಡಿ ಹೊಸ ಪೇಟೆಂಟ್ ಕೇಳುವುದಕ್ಕೆ ತಡೆ. ಈಗಿನ ಸುದ್ದಿ ಲೆನಾಕಪಾವಿರ್, ಸೋಂಕು ತಗಲದಂತೆ ವರ್ಷಕ್ಕೆ ಎರಡೇ ಬಾರಿ ಹಾಕುವ ಚುಚ್ಚುಮದ್ದು. ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು. ಪರವಾನಗಿ ಪಡೆದ ಭಾರತೀಯ ಕಂಪನಿಗಳು ಕಡಿಮೆ ಮತ್ತು ಮಧ್ಯಮ ಆದಾಯದ 120 ದೇಶಗಳಿಗೆ 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವ ಒಪ್ಪಂದ ಆಗಿದೆ. ಪರವಾನಗಿಯ ಪಟ್ಟಿಯಲ್ಲಿ ಯಾವ ದೇಶ ಇದೆ, ಯಾವುದು ಇಲ್ಲ, ಯಾಕೆ ಇಲ್ಲ ಎಂದು ಓದಬಲ್ಲವರಿಗೆ ಜಾಗತಿಕ ಮಟ್ಟದಲ್ಲಿ ಕೆಲಸ ಇದ್ದೇ ಇದೆ. ಎಲ್‌ಎಲ್‌ಬಿ ಜೊತೆಗೆ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದ ನೀತಿಶಾಸ್ತ್ರ ಕೇಂದ್ರ ಕೊಡುವ ಬಯೋಎಥಿಕ್ಸ್ ಡಿಪ್ಲೊಮಾ ಸೇರಿದರೆ ಒಳ್ಳೆಯ ಜೋಡಿ.

ಎಂಬಿಬಿಎಸ್ ಆದವರ ವಿಷಯ ಚುಟುಕಾಗಿ: ಕಮ್ಯುನಿಟಿ ಮೆಡಿಸಿನ್ ಎಂಡಿ ಮೂರು ವರ್ಷ. ವಿಶ್ವ ಆರೋಗ್ಯ ಸಂಸ್ಥೆಯ ಹುದ್ದೆಗಳಿಗೂ, ಸರ್ಕಾರದ ಸಮಿತಿಗಳಿಗೂ ಇದರಷ್ಟು ಸಲೀಸಾದ ಮೆಟ್ಟಿಲು ಬೇರೆ ಇಲ್ಲ. ಸೀಟು ಸಿಕ್ಕರೆ ಎರಡು ಯೋಚನೆ ಬೇಡ. ನೀತಿ ಸಂಶೋಧನೆ ಮಾಡಲಿಕ್ಕೆಂದೇ ಎಂಬಿಬಿಎಸ್‌ಗೆ ಸೇರುವುದು ಮಾತ್ರ ಮೀನು ತಿನ್ನಲು ಬೋಟು ಕೊಂಡ ಹಾಗೆ.

ಪ್ರಬಂಧ ಎಲ್ಲಿ ಕೆಡುತ್ತದೆ

ಯಾವ ದಾರಿ ಹಿಡಿದರೂ ಮೊದಲ ನಿಜವಾದ ಪರೀಕ್ಷೆ ಪ್ರಬಂಧ. ಎಆರ್‌ಟಿ ಕೇಂದ್ರದ ದಾಖಲೆ ಅಥವಾ ಅಲ್ಲಿಗೆ ಬರುವವರ ಸಂದರ್ಶನ ಬೇಕಾದರೆ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಲದು. ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ, ಅಂದರೆ ಕೆಸ್ಯಾಪ್ಸ್‌ನ ಅನುಮತಿಯೂ ಬೇಕು. ಒಂದರ ಹಿಂದೆ ಒಂದು ಆಗುವ ಕೆಲಸ ಇದು. ಎರಡಕ್ಕೂ ಸೇರಿ ಮೂರರಿಂದ ನಾಲ್ಕು ತಿಂಗಳು ಎತ್ತಿಡಿ. ನಾಲ್ಕನೇ ಸೆಮಿಸ್ಟರ್ ಶುರುವಾದ ಮೇಲೆ ಅರ್ಜಿ ಹಾಕಿದವರು ಮೇ ತಿಂಗಳಲ್ಲಿ ವಿಷಯವನ್ನೇ ಬದಲಿಸಬೇಕಾಗಿ ಬರುತ್ತದೆ. ವಿದೇಶಿ ವಿಶ್ವವಿದ್ಯಾಲಯದ ಜೊತೆಗೂಡಿ, ಅಲ್ಲಿನ ಹಣದಲ್ಲಿ ಇಲ್ಲಿ ಸಂಶೋಧನೆ ಮಾಡುವುದಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮೆಟ್ಟಿಲೂ ಹತ್ತಬೇಕು.

ಕರಾವಳಿಯದೇ ಆದ ಎರಡು ಗುಂಡಿಗಳಿವೆ. ಮಲ್ಪೆ ಬಂದರು, ಮಂಗಳೂರು ದಕ್ಕೆಯ ಬೋಟುಗಳಲ್ಲಿ ದುಡಿಯುವ ಹೊರರಾಜ್ಯದವರು ವಲಸೆ ಕಾರ್ಮಿಕರ ಅಧ್ಯಯನಕ್ಕೆ ಒಳ್ಳೆಯ ವಿಷಯ. ರಾಷ್ಟ್ರೀಯ ಕಾರ್ಯಕ್ರಮ ವಲಸಿಗರನ್ನೂ ಲಾರಿ ಚಾಲಕರನ್ನೂ ಬೇರೆಯೇ ಗುಂಪಾಗಿ ನೋಡುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿ, ಜನ ಊರಲ್ಲಿ. ರಜೆಯಲ್ಲಿ ಫೀಲ್ಡ್ ಮುಗಿಸುತ್ತೇನೆಂದು ಜೂನ್‌ನಲ್ಲಿ ಪ್ರಶ್ನಾವಳಿ ಹಿಡಿದು ಹೋದರೆ ಸಿಗುವುದು ಬಲೆ ಹೆಣೆಯುವ ನಾಲ್ಕು ಮಂದಿ. ಋತು ನಡೆಯುವಾಗಲೂ ಆಳಸಮುದ್ರದ ಟ್ರಾಲ್ ಬೋಟು ಹತ್ತಾರು ದಿನ ದಡಕ್ಕೆ ಬರುವುದಿಲ್ಲ. ಬಂದ ದಿನ ಮೀನು ಇಳಿಸುವ ಗಡಿಬಿಡಿ. ಮಾತಿಗೆ ಸಿಗುವುದು ಮಂಜುಗಡ್ಡೆ, ಡೀಸೆಲ್ ತುಂಬಿಸಿಕೊಳ್ಳುವ ಹೊತ್ತಿನಲ್ಲಿ.

ಇನ್ನೊಂದು ಗುಂಡಿ ಭಾಷೆ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಮಾತುಕತೆ ತುಳುವಿನಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವಾಗ ‘ಬತ್ತೆ’ ಎಂದರೆ ‘ನಾನು ಬಂದೆ’ಯೂ ಹೌದು, ‘ಅವನು ಬಂದ’ವೂ ಹೌದು. ಆಡುವಾಗ ಕೊನೆಯ ಸ್ವರ ಬೇರೆ, ಬರೆದಾಗ ಒಂದೇ. ಮಾತಿನಲ್ಲಿ ಯಾನ್, ಆಯೆ ಎಂಬ ಸರ್ವನಾಮ ಬಿಟ್ಟುಹೋಗುವುದೇ ಹೆಚ್ಚು. ಎರಡು ವಾರ ಬಿಟ್ಟು ಲಿಪ್ಯಂತರ ಓದುವವರಿಗೆ ಮಾತ್ರೆ ತಪ್ಪಿಸಿದ್ದು ಹೇಳಿದವರೋ, ಅವರ ಗಂಡನೋ ಗೊತ್ತಾಗುವುದಿಲ್ಲ. ಉತ್ತಮ ಪುರುಷಕ್ಕೆ ಒಂದು ಗುರುತು ಹಾಕುವ ಕ್ರಮವನ್ನು ಮೊದಲ ಸಂದರ್ಶನಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಿ. ‘ಸ್ಟಿಗ್ಮಾ’ಗೆ ಸರ್ಕಾರಿ ಕನ್ನಡದಲ್ಲಿ ‘ಕಳಂಕ’ ಎಂದಿದೆ. ಆ ಪದ ಹಿಡಿದು ಕೇಳಿದರೆ ಎದುರಿನವರು ತಲೆ ಆಡಿಸಿ ಸುಮ್ಮನಾಗುತ್ತಾರೆ. ‘ನಾಲ್ಕು ಜನಕ್ಕೆ ಗೊತ್ತಾದರೆ ಏನಾಗುತ್ತದೆ?’ ಎಂದು ಕೇಳಿ ನೋಡಿ, ಅರ್ಧ ಗಂಟೆ ಮಾತು ಬರುತ್ತದೆ.

ಸಮಯದ ಲೆಕ್ಕವೂ ಇರಲಿ. ಒಂದು ಗಂಟೆಯ ಧ್ವನಿಮುದ್ರಣ ಅಕ್ಷರಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಮುಕ್ಕಾಲು ಗಂಟೆಯ ಇಪ್ಪತ್ತು ಸಂದರ್ಶನ ಎಂದರೆ 15 ಗಂಟೆ ಧ್ವನಿ, 90 ಗಂಟೆ ಬರವಣಿಗೆ, ಅನುವಾದ ಬೇರೆ. ಹೊರಗಿನವರಿಂದ ಟೈಪ್ ಮಾಡಿಸೋಣ ಎನ್ನಬೇಡಿ. ಊರು ಸಣ್ಣದು, ದನಿ ಗುರುತು ಸಿಗುತ್ತದೆ. ಹಾಗೆ ಸಿಕ್ಕರೆ ಅದು ಎಚ್‌ಐವಿ ಕಾಯ್ದೆಯ 8ನೇ ಕಲಮಿನ ಉಲ್ಲಂಘನೆ.

ಕೆಲಸ ಎಲ್ಲಿ, ಸಂಬಳ ಎಷ್ಟು

ಸರ್ಕಾರದ ಎಚ್‌ಐವಿ ಕಾರ್ಯಕ್ರಮ, ಸ್ವಯಂಸೇವಾ ಸಂಸ್ಥೆ, ಸಂಶೋಧನಾ ಸಂಸ್ಥೆ, ವಿಶ್ವಸಂಸ್ಥೆ. ಈ ನಾಲ್ಕೂ ಕಡೆ ಹುದ್ದೆಗಳು ಹೆಚ್ಚಿನವು ಗುತ್ತಿಗೆಯವು ಎಂದು ಮನೆಯಲ್ಲಿ ಮೊದಲೇ ಹೇಳಿಬಿಡಿ. ‘ಪರ್ಮನೆಂಟ್ ಯಾವಾಗ?’ ಎಂಬ ಪ್ರಶ್ನೆ ಮದುವೆ ಮನೆಯಲ್ಲಿ ಹತ್ತು ವರ್ಷ ತಪ್ಪದು.

ಸರ್ಕಾರಿ ಕಾರ್ಯಕ್ರಮದ ಬಲ ಅದರ ಹಣದ ಮೂಲ. 2021ರಿಂದ 2026ರ ಮಾರ್ಚ್‌ವರೆಗಿನ ಐದನೇ ಹಂತಕ್ಕೆ ಕೇಂದ್ರ ಇಟ್ಟದ್ದು 15,471.94 ಕೋಟಿ ರೂಪಾಯಿ, ಎಲ್ಲವೂ ದೇಶದ್ದೇ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಆಫ್ರಿಕಾದ ಹಲವು ದೇಶಗಳಲ್ಲಿ ಎಚ್‌ಐವಿ ಸೇವೆ ತತ್ತರಿಸಿತು. ಇಲ್ಲಿನ ಎಆರ್‌ಟಿ ಕೇಂದ್ರಗಳ ಮಾತ್ರೆ ಆ ಹಣವನ್ನು ನಂಬಿ ನಿಂತಿರಲಿಲ್ಲ. ವೆನ್‌ಲಾಕ್‌ನಲ್ಲಾಗಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಾಗಲಿ ಕೆಲಸಕ್ಕಿದ್ದವರಿಗೆ ಸಂಶೋಧನೆಗೆ ಬಿಡುವು ಮಾತ್ರ ಸಿಗುವುದಿಲ್ಲ. ವರದಿ ತುಂಬುವುದರಲ್ಲೇ ತಿಂಗಳ ಕೊನೆಯ ವಾರ ಹೋಗುತ್ತದೆ.

ಸ್ವಯಂಸೇವಾ ಸಂಸ್ಥೆಗೆ ಸೇರುವ ಮುಂಚೆ ಅದರ ವಿದೇಶಿ ದೇಣಿಗೆ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ. 2020ರ ತಿದ್ದುಪಡಿಯ ನಂತರ ದೆಹಲಿಯ ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಮಂಗಳೂರಿನ ಚಿಕ್ಕ ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಮುಖ್ಯವಾಗಿ ಸಂಶೋಧನೆಯನ್ನೇ ಮಾಡುವ ಸಂಸ್ಥೆಯಲ್ಲಿ ಮಾಹಿತಿ ಸಂಗ್ರಹಿಸುವವರ, ವಿಶ್ಲೇಷಿಸುವವರ ಸಂಬಳ ಆ ಮಿತಿಗೆ ಸೇರುವುದಿಲ್ಲ. ಸೇವೆಯೇ ಮುಖ್ಯವಾದ ಸಂಸ್ಥೆಯಲ್ಲಿ ಈ ವಿನಾಯಿತಿ ಸಿಗದು. ‘ರಿಸರ್ಚ್ ಆಫೀಸರ್’ ಹುದ್ದೆ ಅಲ್ಲಿ ಮೊದಲು ಕಡಿತವಾಗುವುದಕ್ಕೆ ಇದೂ ಒಂದು ಕಾರಣ.

ಕಲಿಯಲಿಕ್ಕೆ ಒಳ್ಳೆಯದು ಸಂಶೋಧನಾ ಸಂಸ್ಥೆ. ಬೆಂಗಳೂರಿನ ಕೆಎಚ್‌ಪಿಟಿ 2003ರಲ್ಲಿ ಎಚ್‌ಐವಿ ಕೆಲಸಕ್ಕೆಂದೇ ಹುಟ್ಟಿ, ಕ್ಷಯ, ತಾಯಿ-ಮಗುವಿನ ಆರೋಗ್ಯಕ್ಕೆ ಹರಡಿಕೊಂಡ ಸಂಸ್ಥೆ. ಪುಣೆಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ ಏಡ್ಸ್ ಸಂಶೋಧನಾ ಸಂಸ್ಥೆ, ಚೆನ್ನೈಯಲ್ಲಿ ಅದರದೇ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಇವೆ. ಐಸಿಎಂಆರ್ ಪ್ರಾಜೆಕ್ಟುಗಳಲ್ಲಿ ವೈದ್ಯರಲ್ಲದ ಸ್ನಾತಕೋತ್ತರರಿಗೆ ಮೊದಲ ಹಂತದ ಸೈಂಟಿಸ್ಟ್ ಹುದ್ದೆಗೆ ತಿಂಗಳಿಗೆ 56,000 ರೂಪಾಯಿ, ಮೂರನೇ ಹಂತದ ಟೆಕ್ನಿಕಲ್ ಸಪೋರ್ಟ್ ಹುದ್ದೆಗೆ 28,000. ಮನೆಬಾಡಿಗೆ ಭತ್ಯೆ ಬೇರೆ. ಜಾಹೀರಾತಿನಲ್ಲಿ ಎರಡೂ ಹತ್ತಿರಹತ್ತಿರ ಕಾಣುತ್ತವೆ, ಅರ್ಹತೆಯ ಸಾಲು ಓದದೆ ಕೆಳಗಿನದಕ್ಕೆ ಅರ್ಜಿ ಹಾಕುವವರು ಉಂಟು.

ವಿಶ್ವಸಂಸ್ಥೆಯನ್ನು ಮೊದಲ ಕೆಲಸವೆಂದು ಎಣಿಸಬೇಡಿ. ಅದರ ಏಡ್ಸ್ ವಿಭಾಗ 2025ರಲ್ಲಿ ಅರ್ಧಕ್ಕೂ ಹೆಚ್ಚು ಸಿಬ್ಬಂದಿ ಕಡಿತದ ಯೋಜನೆ ಹೇಳಿತು. ಜಿನೀವಾದಲ್ಲಿ ಕೆಲಸ ಕಳೆದುಕೊಂಡ ಇಪ್ಪತ್ತು ವರ್ಷದ ಅನುಭವಿಗಳ ಜೊತೆ ನೀವು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಪಿಎಚ್‌ಡಿ ಇಲ್ಲೋ, ಹೊರಗೋ

ಇಲ್ಲಿಯಾದರೆ ಯುಜಿಸಿ ನೆಟ್ ಬಾಗಿಲು. ‘ಸೋಷಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್’ ಎಂಬ ವಿಷಯವೇ ನೆಟ್‌ನಲ್ಲಿ ಇದೆ ಎಂದು ಎಂಪಿಎಚ್ ಮುಗಿಸಿದ ಎಷ್ಟೋ ಮಂದಿಗೆ ಗೊತ್ತಿಲ್ಲ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಮನೆಯಿಂದಲೇ ಓಡಾಡಿ ಮಾಡುವ ಪಿಎಚ್‌ಡಿಗೆ ಇದು ಕಡಿಮೆಯೇನಲ್ಲ.

ಹೊರಗೆ ಹೋಗುವವರು ಪದವಿ ಮುಗಿದ ಕೂಡಲೇ ಅರ್ಜಿ ಹಾಕಿ ನಿರಾಶರಾಗುತ್ತಾರೆ. ಬ್ರಿಟನ್ನಿನ ಚೀವ್ನಿಂಗ್ ಸ್ಕಾಲರ್‌ಶಿಪ್ 2,800 ಗಂಟೆಯ ಕೆಲಸದ ಅನುಭವ ಕೇಳುತ್ತದೆ. ಮುಗಿಸಿ ಎರಡು ವರ್ಷ ಊರಿಗೆ ಮರಳಬೇಕೆಂಬ ಷರತ್ತೂ ಇದೆ. ಜರ್ಮನಿಯ ಡಾಡ್ (DAAD) ಸ್ಕಾಲರ್‌ಶಿಪ್ಪಿನ ಅಭಿವೃದ್ಧಿ ಸಂಬಂಧಿ ಕೋರ್ಸುಗಳಿಗೆ ಎರಡು ವರ್ಷ, ಅಮೆರಿಕದ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್‌ಗೆ ಮೂರು ವರ್ಷ. ಆಪ್ತಸಮಾಲೋಚಕರ ಮೇಜಿನ ಹಿಂದೆ ಕೂರಿ ಎಂದದ್ದಕ್ಕೆ ಈ ಲೆಕ್ಕವೂ ಕಾರಣ. ಸಾಲ ಮಾಡಿ ಹೋಗುವುದಾದರೆ ಬ್ರಿಟನ್ನಿನ ಒಂದು ವರ್ಷದ ಎಂಎಸ್ಸಿ, ಅಮೆರಿಕದ ಎರಡು ವರ್ಷದ ಎಂಪಿಎಚ್‌ಗಿಂತ ಹೊರೆ ಕಡಿಮೆ. ಸ್ಕಾಲರ್‌ಶಿಪ್ ಇಲ್ಲದೆ ಗ್ಲೋಬಲ್ ಹೆಲ್ತ್ ಓದಲು ಮನೆ ಅಡವಿಡುವುದು ಈ ದಿನಗಳಲ್ಲಿ ಸರಿಯಲ್ಲ. ಹಿಂದಿರುಗಿ ಬಂದರೆ ಇಲ್ಲಿನ ಸಂಬಳದಲ್ಲಿ ಆ ಸಾಲ ತೀರುವುದಿಲ್ಲ.

ಫೀಸು ಕಟ್ಟುವ ಮೊದಲು ಮಾಡಿ ನೋಡುವ ಕೆಲಸ

ಈ ಕಸುಬು ಹಿಡಿಸುತ್ತದೆಯೇ ಎಂದು ತಿಳಿಯಲು ಮೂರು ತಿಂಗಳು, ಕೆಲವು ನೂರು ರೂಪಾಯಿ ಸಾಕು. 2017ರ ಕಾಯ್ದೆಯ 21ನೇ ಕಲಮಿನ ಪ್ರಕಾರ ನೂರು ಅಥವಾ ಹೆಚ್ಚು ಮಂದಿ ಇರುವ ಪ್ರತಿ ಸಂಸ್ಥೆ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು. ಆಸ್ಪತ್ರೆಗಳಿಗೆ ಈ ಮಿತಿ ಇಪ್ಪತ್ತು. ಆಸ್ಪತ್ರೆಗಳಿಂದಲೇ ತುಂಬಿದ ಮಂಗಳೂರು, ಮಣಿಪಾಲದಲ್ಲಿ ಎಷ್ಟು ಕಡೆ ಆ ಅಧಿಕಾರಿ ಇದ್ದಾರೆ, ಎಷ್ಟು ದೂರು ಬಂದಿವೆ?

ಇಪ್ಪತ್ತು ಆಸ್ಪತ್ರೆಗಳ ಪಟ್ಟಿ ಮಾಡಿ, ಹತ್ತು ಸರ್ಕಾರಿ, ಹತ್ತು ಖಾಸಗಿ. ಸರ್ಕಾರಿಗೆ ಮಾಹಿತಿ ಹಕ್ಕಿನ ಅರ್ಜಿ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉದ್ದ ಬರೆದರೆ ಅಷ್ಟಕ್ಕೇ ತಿರಸ್ಕರಿಸುವುದೂ ಉಂಟು. ನೇಮಕದ ಆದೇಶದ ಪ್ರತಿ ಕೇಳಿ, ‘ಯಾಕೆ ನೇಮಿಸಿಲ್ಲ’ ಎಂದು ಕೇಳಬೇಡಿ. ಆ ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆಯಲ್ಲ. ದೂರು ಕೊಟ್ಟವರ ಹೆಸರು ಕೇಳಲೇಬಾರದು, ಸಂಖ್ಯೆ ಸಾಕು. ಖಾಸಗಿಗೆ ಮಾಹಿತಿ ಹಕ್ಕು ನಡೆಯದು; ಅಲ್ಲಿಗೆ ರಿಜಿಸ್ಟರ್ಡ್ ಪತ್ರ. ಉತ್ತರ ಬಾರದ್ದನ್ನು ‘ಉತ್ತರವಿಲ್ಲ’ ಎಂದೇ ದಾಖಲಿಸಿ, ‘ಅಧಿಕಾರಿ ಇಲ್ಲ’ ಎಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ಪತ್ರದ ದಿನಾಂಕ, ಉತ್ತರದ ದಿನಾಂಕ, ಉತ್ತರಿಸಿದವರ ಹುದ್ದೆ, ಮೂರು ಕಾಲಮಿನ ಒಂದು ಹಾಳೆ. ಮೂರನೇ ತಿಂಗಳ ಕೊನೆಗೆ ಆ ಹಾಳೆ ಮುಂದಿಟ್ಟುಕೊಂಡಾಗ ಶೇಕಡಾ ಹಾಕಬೇಕೆನಿಸಿತೋ, ಉತ್ತರ ಕೊಡದ ಗುಮಾಸ್ತರ ಹತ್ತಿರ ಹೋಗಿ ಕೂತು ಮಾತಾಡಬೇಕೆನಿಸಿತೋ, ಮೇಲ್ಮನವಿ ಹಾಕಬೇಕೆನಿಸಿತೋ ನೋಡಿ. ಕೋರ್ಸಿನ ಅರ್ಜಿ ಆಮೇಲೆ ತುಂಬಿ.